ಕಾಲುಸಂಕದಿಂದ ನಡಾವಳಿ ಪುಸ್ತಕದವರೆಗೆ

ಪಂಚಾಯಿತಿ ಸಭಾಭವನದ ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿ. ಎಲ್ಲವೂ ಸಣ್ಣ ಅಳತೆಯವು, ಕೆಮ್ಮಣ್ಣು ಮೆತ್ತಿದವು. ಕೆಲವಕ್ಕೆ ಪಟ್ಟಿ ಕಿತ್ತುಹೋಗಿ ಪಿನ್ನು ಚುಚ್ಚಿದ್ದಾರೆ. ಕುಂದಾಪುರದಿಂದ ಮೂಡಣಕ್ಕೆ, ಘಟ್ಟದ ಬುಡದಲ್ಲಿರುವ ಊರು ಇದು. ಡಿಸೆಂಬರಿನ ಬೆಳಗು, ಅಡಿಕೆ ತೋಟದ ಮೇಲಿನ ಮಂಜು ಇನ್ನೂ ಪೂರ್ತಿ ಸರಿದಿಲ್ಲ. ಒಳಗೆ ಮಕ್ಕಳ ಗ್ರಾಮಸಭೆ ಶುರುವಾಗುವುದರಲ್ಲಿದೆ. ವೇದಿಕೆಯ ಮೇಲೆ ಪಂಚಾಯಿತಿ ಅಧ್ಯಕ್ಷೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಮುಖ್ಯೋಪಾಧ್ಯಾಯರು, ಆರೋಗ್ಯ ಕೇಂದ್ರದ ನರ್ಸಮ್ಮ, ಬೀಟ್ ಪೊಲೀಸ್, ಎಂಜಿನಿಯರ್. ಕೆಳಗೆ ಜಮಖಾನದ ಮೇಲೆ ಐದನೇ ತರಗತಿಯಿಂದ ಹತ್ತನೇ ತರಗತಿಯವರೆಗಿನ ಮಕ್ಕಳು. ಗೋಡೆಗೆ ಒರಗಿ ನಿಂತ ತಾಯಂದಿರು, ಅಂಗನವಾಡಿ ಟೀಚರು, ಆಶಾ ಕಾರ್ಯಕರ್ತೆಯರು. ಬಾಗಿಲ ಪಕ್ಕದ ಮೇಜಿನ ಮೇಲೆ ಬಣ್ಣದ ಕಾಗದ ಅಂಟಿಸಿದ ರಟ್ಟಿನ ಡಬ್ಬಿ. ಅದು ಸಲಹಾ ಪೆಟ್ಟಿಗೆ. ಎದ್ದು ನಿಂತು ಮಾತಾಡಲು ಅಳುಕುವವರು ಚೀಟಿ ಬರೆದು ಅದರಲ್ಲಿ ಹಾಕಬಹುದು.

ನಿರೂಪಣೆ ಮಾಡುತ್ತಿದ್ದವಳು ಒಂಬತ್ತನೇ ತರಗತಿಯ ಹುಡುಗಿ. ಪ್ರಾರ್ಥನೆ, ಸ್ವಾಗತ ಬೇಗ ಮುಗಿದವು. ಆಮೇಲೆ ಅವಳು ಕೈಯಲ್ಲಿದ್ದ ಹಾಳೆ ನೋಡದೆಯೇ ಹೇಳಿದಳು: "ಈಗ ಕಳೆದ ವರ್ಷದ ಸಭೆಯ ಅನುಪಾಲನಾ ವರದಿ."

ಹಿಂದಿನ ಸಭೆಯಲ್ಲಿ ಮಕ್ಕಳು ಕೇಳಿದ್ದೇನು, ಅದರಲ್ಲಿ ಆದದ್ದೇನು, ಆಗದೆ ಉಳಿದದ್ದೇನು ಎಂದು ಹಿರಿಯರು ಮಕ್ಕಳ ಮುಂದೆ ಓದಿ ಹೇಳಬೇಕಾದ ಕಾಗದ ಅದು. ಪಿಡಿಒ ಎದ್ದು ನಿಂತು ಓದತೊಡಗಿದರು. ಹಿರಿಯ ಪ್ರಾಥಮಿಕ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪೈಪು: ಆಗಿದೆ. ಹರಿಜನ ಕಾಲೊನಿಯ ತಿರುವಿನಲ್ಲಿ ಬೀದಿದೀಪ: ಆಗಿದೆ. ಶಾಲೆಯ ಆವರಣ ಗೋಡೆ: ಅರ್ಧ ಆಗಿದೆ, ಉಳಿದದ್ದು ಈ ವರ್ಷದ ಕ್ರಿಯಾಯೋಜನೆಯಲ್ಲಿದೆ. ಬೆಳಗಿನ ಬಸ್ಸು: ಸಂಬಂಧಪಟ್ಟ ಇಲಾಖೆಗೆ ಬರೆಯಲಾಗಿದೆ. ಕಾಲುಸಂಕ: ಸಂಬಂಧಪಟ್ಟ ಇಲಾಖೆಗೆ ಬರೆಯಲಾಗಿದೆ.

ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಏಳನೇ ತರಗತಿಯ ಹುಡುಗ. ಮೈಕು ಒಬ್ಬರಿಂದೊಬ್ಬರಿಗೆ ದಾಟಿ ಅವನ ಹತ್ತಿರ ಬಂತು. ಟೀಚರು ಬರೆಸಿಕೊಟ್ಟಿದ್ದ ಕಾಗದ ಬಿಡಿಸಿ, ಪಠ್ಯಪುಸ್ತಕದ ಕನ್ನಡದಲ್ಲಿ ಶುರುಮಾಡಿದ. "ಮಾನ್ಯರೇ, ನಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಹೊಳೆ ಇದ್ದು, ಮಳೆಗಾಲದಲ್ಲಿ ತುಂಬಾ ತೊಂದರೆಯಾಗುತ್ತಿದೆ." ಪಿಡಿಒ ತಾಳ್ಮೆಯಿಂದಲೇ ಅನುದಾನದ ಮಾತು ತೆಗೆದರು, ಪಂಚಾಯಿತಿಯ ನಿಧಿಯಲ್ಲಿ ಅಷ್ಟು ದೊಡ್ಡ ಕೆಲಸ ಆಗುವುದಿಲ್ಲ ಎಂದರು. ಹುಡುಗ ಕಾಗದ ಮಡಚಿ ಚಡ್ಡಿ ಜೇಬಿಗೆ ಹಾಕಿಕೊಂಡ. ಈಗ ಅವನ ಬಾಯಿಂದ ಮನೆಯ ಮಾತು ಬಂತು. "ಸಂಕದ್ ಮೇಲೆ ನೀರ್ ಬಂದ್ರೆ ಎಂತ ಮಾಡೂದ್ ಸರ್? ಅಮ್ಮ ಕಳ್ಸುದೇ ಇಲ್ಲ. ಜುಲೈಯಾಗೆ ಎಷ್ಟ್ ದಿನ ರಜೆ ಆಯ್ತ್ ಅಂತ ಹಾಜರಿ ಪುಸ್ತಕದಾಗೆ ನೋಡಿ. ಕಳ್ದ್ ವರ್ಷವೂ ಬರೆದಿದ್ದೇವೆ ಅಂದ್ರಿ. ಯಾರಿಗೆ ಬರೆದದ್ದ್? ಅವ್ರ್ ಎಂತ ಹೇಳಿದ್ರ್?"

ಕಾಲುಸಂಕವೆಂದರೆ ಏನೆಂದು ಕರಾವಳಿ, ಮಲೆನಾಡಿನವರಿಗೆ ಹೇಳಬೇಕಿಲ್ಲ. ಹೊಳೆಗೆ ಅಡ್ಡಲಾಗಿ ಎರಡೋ ಮೂರೋ ಅಡಿಕೆ ಮರದ ಕಾಂಡ, ಕೈತಾಂಗಿಗೆ ಒಂದು ಬಿದಿರು ಗಳ ಅಥವಾ ಹಗ್ಗ. ಬೇಸಿಗೆಯಲ್ಲಿ ಅದು ಆಟ. ಆಷಾಢದಲ್ಲಿ ಹಾವಸೆ ಕಟ್ಟಿ ಜಾರುತ್ತದೆ, ಕೆಳಗೆ ಕೆಂಪು ನೀರು ಮರದ ದಿಮ್ಮಿಗಳನ್ನೇ ಹೊತ್ತುಕೊಂಡು ಹೋಗುತ್ತಿರುತ್ತದೆ. ಶಾಲೆಯ ಚೀಲ ಹೊತ್ತು ಅದನ್ನು ದಾಟುವಾಗ ನೀರುಪಾಲಾದ ಮಕ್ಕಳ ಸುದ್ದಿಯನ್ನು ಈ ಭಾಗದ ಪತ್ರಿಕೆಗಳು ಅಚ್ಚುಹಾಕಿವೆ. ಹಾಗಾಗಿ ಆ ಹುಡುಗ ಕೇಳಿದ್ದು ಸೌಕರ್ಯವನ್ನಲ್ಲ, ಜೀವವನ್ನು.

ಪಿಡಿಒ ಎಂಜಿನಿಯರ್ ಕಡೆ ನೋಡಿದರು. ಎಂಜಿನಿಯರ್ ಕಡತ ತೆರೆದರು. ಪತ್ರ ಹೋಗಿದ್ದು ನಿಜ, ಆದರೆ ಜೊತೆಗೆ ಅಂದಾಜುಪಟ್ಟಿ ಹೋಗಿರಲಿಲ್ಲ. ಅಂದಾಜುಪಟ್ಟಿ ಇಲ್ಲದ ಮನವಿ ಯಾವ ಕಚೇರಿಯಲ್ಲಿಯೂ ಮೇಜಿನಿಂದ ಮೇಜಿಗೆ ಹೋಗುವುದಿಲ್ಲ. ಅಧ್ಯಕ್ಷೆ ಅಲ್ಲಿಯೇ ದಿನ ಗೊತ್ತುಮಾಡಿದರು: ಮುಂದಿನ ವಾರ ಎಂಜಿನಿಯರ್ ಸ್ಥಳಕ್ಕೆ ಬರುತ್ತಾರೆ, ಹುಡುಗನೂ ಅವನ ಜೊತೆಯ ಮಕ್ಕಳೂ ಜಾಗ ತೋರಿಸಬೇಕು. ನಡಾವಳಿಯಲ್ಲಿ ಅದು ದಾಖಲಾಯಿತು. ಹುಡುಗ ಕೂತುಕೊಳ್ಳಲಿಲ್ಲ. "ದಿನಾಂಕ ಬರ್ಕಂಡ್ರಾ?" ಎಂದು ಕೇಳಿಯೇ ಕೂತದ್ದು.

ನಾನು ಈ ಬರಹದಲ್ಲಿ ಹೇಳಬೇಕೆಂದಿರುವುದೆಲ್ಲ ಆ ಪ್ರಶ್ನೆಯಲ್ಲಿದೆ. ಇಂದಿನ ಹುಡುಗ ಹುಡುಗಿಯರಿಗೆ ಊರಿನ ಗೊಡವೆ ಬೇಡ, ರಾಜಕೀಯವೆಂದರೆ ಅಸಡ್ಡೆ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಈ ದೂರನ್ನು ನಾನು ನಂಬುವುದಿಲ್ಲ. ಕೇಳಿದ್ದಕ್ಕೆ ಉತ್ತರ ಸಿಗುವ ಕಡೆಗೆ ಅವರು ಬಂದೇ ಬರುತ್ತಾರೆ, ಸಿಗದ ಕಡೆಗೆ ಎರಡನೆಯ ಸಲ ಬರುವುದಿಲ್ಲ. 'ಸಂಬಂಧಪಟ್ಟ ಇಲಾಖೆಗೆ ಬರೆಯಲಾಗಿದೆ' ಎಂಬ ಸಾಲನ್ನು ಎರಡು ವರ್ಷ ಸತತವಾಗಿ ಓದಿದರೆ, ಮೂರನೆಯ ವರ್ಷ ಆ ಜಮಖಾನದ ಮೇಲೆ ಟೀಚರ ಬಲವಂತಕ್ಕೆ ಬಂದವರಷ್ಟೇ ಕೂತಿರುತ್ತಾರೆ.

ಸಲಹಾ ಪೆಟ್ಟಿಗೆ ತೆರೆದಾಗ ಹೆಚ್ಚಿನವು ಆಟದ ಮೈದಾನ, ಗ್ರಂಥಾಲಯಕ್ಕೆ ಹೊಸ ಪುಸ್ತಕ, ಬೀದಿನಾಯಿಯ ಕಾಟದ ಚೀಟಿಗಳು. ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಎಂದು ಒಂದೇ ಕೈಬರಹದಲ್ಲಿ ಮೂರು ಚೀಟಿ. ಚಿಲಕ! ಅದಕ್ಕೆ ಅನುದಾನ ಬೇಡ, ಅಂದಾಜುಪಟ್ಟಿ ಬೇಡ, ತಾಂತ್ರಿಕ ಮಂಜೂರಾತಿ ಬೇಡ. ಆದರೂ ಆ ಹುಡುಗಿ ಅದನ್ನು ಮನೆಯಲ್ಲೂ ಹೇಳದೆ, ಶಾಲೆಯಲ್ಲೂ ಹೇಳದೆ, ಚೀಟಿಯಲ್ಲಿ ಮೂರು ಸಲ ಬರೆಯಬೇಕಾಯಿತು. ಅಧ್ಯಕ್ಷೆ ಮಧ್ಯಾಹ್ನದೊಳಗೆ ಹಾಕಿಸುವುದಾಗಿ ಹೇಳಿದರು. ಮತ್ತೊಂದು ಚೀಟಿ ಓದುವಾಗ ನರ್ಸಮ್ಮನ ದನಿ ತಗ್ಗಿತು. ಶಾಲೆಯ ಹತ್ತಿರದ ಗೂಡಂಗಡಿಯಲ್ಲಿ ಮದ್ಯದ ಪ್ಯಾಕೆಟ್ಟು ಸಿಗುತ್ತದೆ, ಅಪ್ಪ ದಿನಾ ಅಲ್ಲಿಗೆ ಹೋಗುತ್ತಾರೆ, ಅದನ್ನು ಮುಚ್ಚಿಸಿ ಎಂದು ಬರೆದಿತ್ತು. ಹೆಸರಿರಲಿಲ್ಲ, ಯಾರೂ ಕೇಳಲೂ ಇಲ್ಲ. ಬೀಟ್ ಪೊಲೀಸ್ ತಮ್ಮ ಪುಸ್ತಕದಲ್ಲಿ ಅಂಗಡಿಯ ಜಾಗ ಗುರುತುಮಾಡಿಕೊಂಡರು.

ಈ ಸಭೆಗಳಿಗೆ ಇದೇ ಸೀಮೆಯಲ್ಲಿ ಬೇರು ಇದೆ. 1990ರ ದಶಕದ ನಡುವಿನಲ್ಲೇ ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಊರುಗಳಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿದ್ದವು. ಅವುಗಳ ಹಿಂದೆ ಇದ್ದದ್ದು ದುಡಿಯುವ ಮಕ್ಕಳೇ ಕಟ್ಟಿಕೊಂಡ ಭೀಮ ಸಂಘ ಮತ್ತು ಅದಕ್ಕೆ ಬೆನ್ನೆಲುಬಾಗಿ ನಿಂತ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ. ಹೋಟೆಲಿನಲ್ಲಿ ಲೋಟ ತೊಳೆಯುವ, ಮನೆಯಲ್ಲಿ ತಂಗಿಯನ್ನು ಎತ್ತಿಕೊಳ್ಳುವ, ದನ ಕಾಯುವ ಮಕ್ಕಳು ತಮ್ಮೂರಿನ ಕಷ್ಟಗಳನ್ನು ತಾವೇ ಪಟ್ಟಿಮಾಡಿ ಹಿರಿಯರ ಮುಂದೆ ಇಟ್ಟರು. 2006ರಲ್ಲಿ ರಾಜ್ಯ ಸರಕಾರ ಎಲ್ಲ ಗ್ರಾಮ ಪಂಚಾಯಿತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ಹೀಗೆ ಊರಿನ ಮೂಲೆಯಲ್ಲಿ ಹುಟ್ಟಿದ ರೂಢಿ ರಾಜ್ಯದ ಸುಮಾರು ಆರು ಸಾವಿರ ಪಂಚಾಯಿತಿಗಳಿಗೆ ಹಬ್ಬಿತು.

ಮಕ್ಕಳಿಗೆ ಅಲ್ಲಿ ಮತವಿಲ್ಲ, ಕೇಳುವ ಹಕ್ಕು ಮಾತ್ರ ಇದೆ ಎಂದು ಕೆಲವರು ಹಗುರ ಮಾಡುತ್ತಾರೆ. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ರಂದು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಸೇರಿಸಿದಾಗ ಆ ಸಭೆಗೂ ತೀರ್ಮಾನದ ಅಧಿಕಾರ ಇರಲಿಲ್ಲ. ರಾಜ್ಯದ ಆಡಳಿತದ ವರದಿ ಕೇಳುವುದು, ಅಹವಾಲು ಹೇಳುವುದು, ಅಷ್ಟೇ. ಆದರೆ ಆಳುವವರು ವರ್ಷಕ್ಕೊಮ್ಮೆ ಜನರ ಮುಂದೆ ನಿಂತು ಲೆಕ್ಕ ಒಪ್ಪಿಸುವುದು ಒಮ್ಮೆ ಶುರುವಾದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಸುಲಭವಲ್ಲ. ಮಕ್ಕಳ ಸಭೆಯಲ್ಲೂ ಅದೇ ಬೀಜ ಇದೆ.

ಈಗ ಬಯಲುಸೀಮೆಗೆ ಬರೋಣ. ಮಂಡ್ಯ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆ, ಜೂನ್ ತಿಂಗಳ ಕೊನೆ. ಶಾಲಾ ಸಂಸತ್ತಿನ ಚುನಾವಣೆ. ಎರಡು ಮೊಬೈಲ್ ಫೋನುಗಳನ್ನು ಜೋಡಿಸಿದ್ದಾರೆ, ಒಂದು ಕಂಟ್ರೋಲ್ ಯೂನಿಟ್, ಇನ್ನೊಂದು ಬ್ಯಾಲೆಟ್ ಯೂನಿಟ್. ಪರದೆಯ ಮೇಲೆ ಕೊಡೆ, ಚೆಂಡು, ಪೆನ್ಸಿಲು, ಹೂಜಿ. ವಾರದ ಹಿಂದೆಯೇ ನಾಮಪತ್ರ ಸಲ್ಲಿಕೆ, ಪರಿಶೀಲನೆ, ಹಿಂಪಡೆಯುವ ದಿನ ಎಲ್ಲ ಮುಗಿದಿವೆ. ಆರನೇ ತರಗತಿಯ ಹುಡುಗ ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕುತ್ತಾನೆ, ಇನ್ನೊಬ್ಬಳು ಎಡಗೈ ತೋರುಬೆರಳಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯುತ್ತಾಳೆ. ದೇಶದ ನಿಜವಾದ ಚುನಾವಣೆಗೆ ಬೇಕಾದ ಅಳಿಸಲಾಗದ ಶಾಯಿ ತಯಾರಾಗುವುದು ಇಲ್ಲಿಂದ ದೂರವೇನಲ್ಲ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಈ ಕಾರ್ಖಾನೆ 1962ರ ಸಾರ್ವತ್ರಿಕ ಚುನಾವಣೆಯಿಂದ ದೇಶಕ್ಕೆಲ್ಲ ಶಾಯಿ ಒದಗಿಸುತ್ತ ಬಂದಿದೆ. ಮೇಷ್ಟ್ರು ಆ ಸಂಗತಿಯನ್ನು ಸರದಿಯಲ್ಲಿ ನಿಂತ ಮಕ್ಕಳಿಗೆ ಹೇಳಿದರು. ಮಕ್ಕಳು ಬೆರಳು ನೋಡಿಕೊಂಡರು.

ಇಂಥ ಚುನಾವಣೆಗಳು ಈಗ ಅನೇಕ ಶಾಲೆಗಳಲ್ಲಿ ನಡೆಯುತ್ತವೆ. ಪ್ರಮಾಣವಚನದ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಅಲ್ಲಿಗೆ ಬಹಳ ಕಡೆ ಸಂಸತ್ತು ಮುಗಿದುಹೋಗುತ್ತದೆ. ಈ ಶಾಲೆಯಲ್ಲಿ ನನಗೆ ಹಿಡಿಸಿದ್ದು ಫಲಿತಾಂಶದ ಮಾರನೆಯ ದಿನ. ಆಹಾರ ಮಂತ್ರಿಯಾಗಿ ಗೆದ್ದ ಏಳನೇ ತರಗತಿಯ ಹುಡುಗಿ ಬೆಳಗ್ಗೆ ಬಿಸಿಯೂಟದ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ನೋಟ್‌ಬುಕ್ಕು. ಆರರಿಂದ ಎಂಟನೇ ತರಗತಿಯವರೆಗೆ ಒಬ್ಬೊಬ್ಬರಿಗೆ 150 ಗ್ರಾಂ ಧಾನ್ಯ, ಒಂದರಿಂದ ಐದರವರಿಗೆ 100 ಗ್ರಾಂ. ಗೋಡೆಯ ಮೇಲೆ ಬರೆದಿರುವುದನ್ನೇ ಅವಳು ಇಳಿಸಿಕೊಂಡಿದ್ದಳು. ಅವತ್ತಿನ ಹಾಜರಿ ಕೇಳಿ ಬಂದು ಮೆಟ್ಟಿಲ ಮೇಲೆ ಕೂತು ಗುಣಿಸಿದಳು: ದೊಡ್ಡ ಮಕ್ಕಳು 62, ಅಂದರೆ 9 ಕೆ.ಜಿ. 300 ಗ್ರಾಂ. ಅಡುಗೆಯಾಕೆ ತಕ್ಕಡಿಗೆ ಅಕ್ಕಿ ಸುರಿದರು. ಮುಳ್ಳು ನಿಲ್ಲುವ ತನಕ ಹುಡುಗಿ ಕಾದಳು. "ಸರಿಯಾಗಿದೆ ಕಣಕ್ಕ" ಎಂದಳು. ಅಡುಗೆಯಾಕೆಗೆ ಬೇಜಾರಾಗಲಿಲ್ಲ, ಬದಲಿಗೆ "ನಾಳಿಂದ ಬೇಳೆನೂ ನೋಡವ್ವ, ನನ್ನ ಮೇಲೆ ಯಾರೂ ಸುಮ್ನೆ ಮಾತು ಹೊರಿಸಬಾರದು" ಎಂದರು.

ಗೆದ್ದ ಮೇಲೆ ತಕ್ಕಡಿಯ ಮುಂದೆ ನಿಲ್ಲುವುದು ಇದೆ ಎಂದು ಹನ್ನೆರಡರ ವಯಸ್ಸಿನಲ್ಲಿ ತಿಳಿದ ಹುಡುಗಿ ಹದಿನೆಂಟಕ್ಕೆ ಮತಗಟ್ಟೆಗೆ ಹೋಗುವಾಗ ಬೇರೆಯೇ ಪ್ರಶ್ನೆ ಹೊತ್ತು ಹೋಗುತ್ತಾಳೆ.

ಹದಿನೆಂಟು ಎಂಬುದೂ ತಾನಾಗಿ ಬಂದದ್ದಲ್ಲ. ಮತದಾನದ ವಯಸ್ಸು 21 ಇದ್ದದ್ದು ಸಂವಿಧಾನದ 61ನೇ ತಿದ್ದುಪಡಿಯಿಂದ 18ಕ್ಕೆ ಇಳಿಯಿತು, 1989ರ ಮಾರ್ಚಿನಲ್ಲಿ ಜಾರಿಗೆ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಗಲಭೆ, ಹೊಡೆದಾಟ, ಹಣದ ಹರಿದಾಟ ನಡೆದದ್ದು ನಿಜವೇ. ಆದರೆ ದೇಶದ ಸರಕಾರವನ್ನು ಆರಿಸಲು ಅರ್ಹರಾದವರಿಗೆ ತಮ್ಮ ಕಾಲೇಜಿನ ಪ್ರತಿನಿಧಿಯನ್ನು ಆರಿಸಲು ಬಾರದು ಎಂದು ಒಂದಿಡೀ ತಲೆಮಾರಿಗೆ ಹೇಳಿದಂತಾಯಿತು. ಭಾಷಣ ಮಾಡಲು, ಸೋಲಲು, ಸೋತವನ ಕೈಕುಲುಕಲು, ಎದುರಾಳಿಯ ಮಾತಿಗೆ ಮಾತಿನಲ್ಲೇ ಉತ್ತರಿಸಲು ಕಲಿಯಬೇಕಾದ ವಯಸ್ಸದು. ಕಾಲೇಜಿನಲ್ಲಿ ಆ ಬಾಗಿಲು ಮುಚ್ಚಿದಾಗ ತೆರೆದೇ ಉಳಿದ ಬಾಗಿಲು ಬೈಕ್ ರ‍್ಯಾಲಿಯದು. ಪೆಟ್ರೋಲು, ಊಟ, ಕೊರಳಿಗೊಂದು ಶಾಲು ಕೊಟ್ಟು ಯುವಕರನ್ನು ಮೆರವಣಿಗೆಯ ಮುಂದೆ ಬಿಡುತ್ತಾರೆ. ಟಿಕೆಟ್ ಹಂಚುವ ಕೋಣೆಯಲ್ಲಿ ಅವರಿಗೆ ಕುರ್ಚಿ ಇಲ್ಲ. ಇದು ಎಲ್ಲ ಪಕ್ಷಗಳೂ ಯುವಜನರಿಗೆ ಮಾಡುತ್ತಿರುವ ಅನ್ಯಾಯ, ಬಾಯಿಬಿಟ್ಟು ಹೇಳಲೇಬೇಕು.

ಮತದಾರರ ಪಟ್ಟಿಗೆ ಹೆಸರು ಸೇರಿಸುವುದು ಮೊದಲಿಗಿಂತ ಹಗುರಾಗಿದೆ. ಮುಂಚೆ ಜನವರಿ 1ಕ್ಕೆ ಹದಿನೆಂಟು ತುಂಬದಿದ್ದರೆ ವರ್ಷವಿಡೀ ಕಾಯಬೇಕಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳು ನಾಲ್ಕೂ ಅರ್ಹತೆಯ ದಿನಾಂಕಗಳು. ಹದಿನೇಳು ದಾಟಿದವರು ಮುಂಗಡವಾಗಿಯೇ ನಮೂನೆ 6 ಸಲ್ಲಿಸಬಹುದು. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಹೇಳುತ್ತಾರೆ.

ಧಾರವಾಡದ ಸಪ್ತಾಪುರದಲ್ಲಿ ಸಂಜೆಯ ಹೊತ್ತು ನಡೆದರೆ ಇನ್ನೊಂದು ಲೋಕ ಕಾಣುತ್ತದೆ. ಗೋಡೆಯ ತುಂಬ ಕೋಚಿಂಗ್ ಸೆಂಟರುಗಳ ಫಲಕ, ಓದುವ ಕೊಠಡಿಗಳ ಫಲಕ, ಮೆಸ್ಸುಗಳ ಫಲಕ. ಚಹಾದಂಗಡಿಯ ಮುಂದೆ ಕೈಯಲ್ಲಿ ಪುಸ್ತಕ ಹಿಡಿದೇ ನಿಂತ ಹುಡುಗರು. ಉತ್ತರ ಕರ್ನಾಟಕದ ಯಾವ ಜಿಲ್ಲೆಯ ಹೆಸರು ಹೇಳಿದರೂ ಅಲ್ಲಿಂದ ಬಂದವರು ಇಲ್ಲಿದ್ದಾರೆ. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ. ಅಪ್ಪ ಎತ್ತು ಮಾರಿ ಕಳಿಸಿದ ದುಡ್ಡಿನಲ್ಲಿ ಕೋಣೆಯ ಬಾಡಿಗೆ ಕಟ್ಟುವ ಮಕ್ಕಳು ಇವರು. ಸಾರ್ವಜನಿಕ ಸೇವೆಯ ಮೇಲೆ ಇಷ್ಟು ಆಸೆ ಇಟ್ಟುಕೊಂಡವರ ಗುಂಪನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಾಗಲಕೋಟೆ ಕಡೆಯ ಒಬ್ಬ ಹುಡುಗ ಪಿಡಿಒ ಪರೀಕ್ಷೆಗೆ ಓದುತ್ತಿದ್ದ. ಪಂಚಾಯಿತಿಗಳಿಗೆ ಸಂಬಂಧಿಸಿದ ಸಂವಿಧಾನದ 73ನೇ ತಿದ್ದುಪಡಿಯ ಬಗ್ಗೆ ಕೇಳಿದೆ. ಕಣ್ಣು ಮುಚ್ಚಿ ಒಪ್ಪಿಸಿದ: 1993ರ ಏಪ್ರಿಲ್ 24ರಂದು ಜಾರಿ, 11ನೇ ಅನುಸೂಚಿ, 29 ವಿಷಯಗಳು, 243ರಿಂದ 243-ಒ ತನಕದ ವಿಧಿಗಳು. ಅದಕ್ಕೂ ಹತ್ತು ವರ್ಷ ಮೊದಲೇ, 1983ರಲ್ಲಿ, ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ ಕರ್ನಾಟಕ ತಂದ ಕಾಯ್ದೆ, ಮಹಿಳೆಯರಿಗೆ ಕಾಲುಭಾಗದ ಮೀಸಲು, 1987ರ ಚುನಾವಣೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ನಿಮ್ಮೂರಿನ ಗ್ರಾಮಸಭೆ ಯಾವಾಗ ನಡೆಯುತ್ತದೆ ಎಂದು ಕೇಳಿದೆ.

"ಗೊತ್ತಿಲ್ರಿ ಸರ" ಎಂದ. ಸ್ವಲ್ಪ ಹೊತ್ತು ಚಹಾದ ಲೋಟ ತಿರುಗಿಸುತ್ತ ಕೂತ. "ಖರೇ ಹೇಳಬೇಕಂದ್ರ, ಊರಿಗೆ ಹೋಗೂದನ್ನ ಬಿಟ್ಟೀನ್ರಿ. ಹೋದ್ರ ಎಲ್ಲಾರೂ ನೌಕರಿ ಆತೇನು ಅಂತಾರ. ಪಂಚಾಯಿತಿ ಕಟ್ಟಿ ಮುಂದ ಕುಂತ್ರ, ಕೆಲಸ ಇಲ್ಲದಾಂವ ಕುಂತಾನ ಅಂತಾರ."

ಈ ಮಾತು ನನ್ನನ್ನು ಬಹಳ ಕಾಡಿದೆ. ಊರಿನ ಆಡಳಿತದ ಕಾನೂನನ್ನು ಇಡೀ ಊರಿನಲ್ಲಿ ಚೆನ್ನಾಗಿ ಬಲ್ಲವನು ಇವನು, ಆ ತಿಳಿವಳಿಕೆ ಹೆಚ್ಚು ಬೇಕಾಗಿರುವ ಜಾಗಕ್ಕೆ ಕಾಲಿಡಲು ನಾಚುತ್ತಾನೆ. ತಪ್ಪು ಅವನದಲ್ಲ. ನೌಕರಿಯ ಆದೇಶ ಕೈಗೆ ಬಂದ ದಿನದಿಂದಷ್ಟೇ ಸೇವೆ ಶುರು ಎಂದು ನಾವೆಲ್ಲ ಅವನನ್ನು ನಂಬಿಸಿದ್ದೇವೆ. ಲಕ್ಷಗಟ್ಟಲೆ ಜನ ಬರೆಯುವ ಪರೀಕ್ಷೆಯಲ್ಲಿ ಹುದ್ದೆ ಸಿಗುವುದು ಕೆಲವರಿಗೆ. ಉಳಿದವರು ಓದಿದ್ದು ವ್ಯರ್ಥವೆಂದು ತಲೆತಗ್ಗಿಸಿ ಹಿಂದಿರುಗುತ್ತಾರೆ. ವ್ಯರ್ಥವಲ್ಲ! ವೃದ್ಧಾಪ್ಯ ವೇತನ ನಿಂತ ಅಜ್ಜಿಯ ಅರ್ಜಿ, ಪಹಣಿಯಲ್ಲಿ ತಪ್ಪಿದ ಹೆಸರು, ಪಡಿತರ ಚೀಟಿ, ಮಾಹಿತಿ ಹಕ್ಕಿನ ಅರ್ಜಿ, ಗ್ರಾಮಸಭೆಯಲ್ಲಿ ಮಂಡಿಸುವ ಲೆಕ್ಕ, ಇವೆಲ್ಲಕ್ಕೂ ಬೇಕಾದದ್ದು ಸಪ್ತಾಪುರದ ಕೋಣೆಗಳಲ್ಲಿ ಅವರು ಕಲಿತದ್ದೇ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಕುರ್ಚಿ ಇದೆ, ಕಂಪ್ಯೂಟರು ಇದೆ. ವಾರದಲ್ಲಿ ಒಂದು ಸಂಜೆ ಅಲ್ಲಿ ಕೂತು ಊರವರ ಕಾಗದ ನೋಡಿಕೊಡುವ ಹುಡುಗನನ್ನು ಯಾರೂ 'ಕೆಲಸ ಇಲ್ಲದಾಂವ' ಎನ್ನಲಾರರು.

ಅಂಥವರು ಇದ್ದಾರೆ. ಚಳ್ಳಕೆರೆ ಸೀಮೆಯ ಒಂದು ಊರಿನಲ್ಲಿ, ನರೇಗಾ ಕಾಮಗಾರಿಗಳ ಸಾಮಾಜಿಕ ಲೆಕ್ಕ ಪರಿಶೋಧನೆ ನಡೆಯುತ್ತಿದ್ದಾಗ ನಾನು ಕಂಡ ನೋಟ ಇದು. ಬಿರುಬಿಸಿಲು, ಶೇಂಗಾ ಕಿತ್ತ ಹೊಲ, ದೂರದಲ್ಲಿ ತಿರುಗುವ ಗಾಳಿಯಂತ್ರಗಳು. ಒಂದು ಕೃಷಿಹೊಂಡದ ದಡದಲ್ಲಿ ಗ್ರಾಮ ಸಂಪನ್ಮೂಲ ವ್ಯಕ್ತಿಗಳಾಗಿ ಬಂದ ಮೂವರು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಹುಡುಗಿಯ ಕೈಯಲ್ಲಿ ಎಂ.ಬಿ. ಪುಸ್ತಕದ ಪ್ರತಿ, ಎಂಜಿನಿಯರ್ ಬರೆದ ಅಳತೆ ಅದರಲ್ಲಿರುತ್ತದೆ. ಹುಡುಗರ ಕೈಯಲ್ಲಿ ಟೇಪು.

ಉದ್ದ ಸರಿಬಂತು, ಅಗಲ ಸರಿಬಂತು. ಆಳದಲ್ಲಿ ವ್ಯತ್ಯಾಸ. ಪುಸ್ತಕದಲ್ಲಿ ಮೂರು ಮೀಟರು, ಟೇಪಿನಲ್ಲಿ ಎರಡೂಕಾಲು. ಒಬ್ಬ ಹುಡುಗ ಆಗಲೇ ಕೆಲಸ ಮಾಡಿಸಿದವರನ್ನು ಬೈಯತೊಡಗಿದ. ಹೊಲದ ಯಜಮಾನ ತಲೆಯ ಟವೆಲು ತೆಗೆದು ಬೆವರು ಒರೆಸಿಕೊಂಡು ಹೇಳಿದ: "ಎರಡು ಮಳೆಗಾಲ ಕಳೆದೈತೆ ಕಣ್ರಪ್ಪ, ಮಣ್ಣು ಕೊಚ್ಕೊಂಡು ಬಂದು ಕುಂತೈತೆ." ಹುಡುಗಿ ಹಾರೆ ತರಿಸಿದಳು. ಚಪ್ಪಲಿ ದಡದಲ್ಲಿ ಬಿಟ್ಟು, ಚೂಡಿದಾರದ ಕಾಲು ಮಡಚಿಕೊಂಡು ಹೊಂಡಕ್ಕೆ ಇಳಿದಳು. ಕೆಸರಿನಲ್ಲಿ ಹಾರೆ ಇಳಿಯಬಿಟ್ಟಳು, ಗಟ್ಟಿ ನೆಲ ತಗುಲಿದ ಕಡೆ ಬೆರಳಿನಿಂದ ಗುರುತು ಹಿಡಿದು ಮೇಲೆತ್ತಿ ಅಳೆಸಿದಳು. ನಾಲ್ಕು ಮೂಲೆ, ನಡುವೆ ಒಂದು ಕಡೆ. ಹೂಳಿನ ಕೆಳಗಿನ ತಳ ಸೇರಿಸಿದರೆ ಆಳ ಎರಡು ಮೀಟರು ಎಂಬತ್ತು ಸೆಂಟಿಮೀಟರಿಗೆ ಬಂತು. "ಇಪ್ಪತ್ತು ಸೆಂಟಿಮೀಟರು ಕಮ್ಮಿ. ಹೂಳು ಎಷ್ಟು, ಕಮ್ಮಿ ಎಷ್ಟು, ಎರಡನ್ನೂ ಬೇರೆ ಬೇರೆ ಬರೀತೀನಿ" ಎಂದಳು. ಬೈಯುತ್ತಿದ್ದ ಹುಡುಗ ಬಗ್ಗಿ ಅವಳ ಕೈಯಿಂದ ಹಾರೆ ಇಸಿದುಕೊಂಡ.

ಪ್ರಜಾಪ್ರಭುತ್ವಕ್ಕೆ ಬೇಕಾದ ಸಿಟ್ಟು ಆ ಹುಡುಗನಲ್ಲಿತ್ತು. ಅದಕ್ಕೆ ಬೇಕಾದ ನ್ಯಾಯಬುದ್ಧಿ ಹುಡುಗಿಯಲ್ಲಿತ್ತು. ಒಂದು ಬೆಳಗಿನ ಕೆಲಸ ಇಬ್ಬರಿಗೂ ಎರಡನ್ನೂ ಹಂಚಿಕೊಟ್ಟಿತು. ನೂರು ಪ್ರಬಂಧ ಸ್ಪರ್ಧೆಗಳಿಗಿಂತ ಇಂಥ ಒಂದು ಕೃಷಿಹೊಂಡದ ಮೇಲೆ ನನಗೆ ನಂಬಿಕೆ ಹೆಚ್ಚು.

ಅದೇ ಊರಿನ ಪಂಚಾಯಿತಿಗೆ 2020ರ ಡಿಸೆಂಬರಿನ ಚುನಾವಣೆಯಲ್ಲಿ ಗೆದ್ದ ಒಬ್ಬ ಸದಸ್ಯೆ ಇದ್ದರು. ಬಿ.ಕಾಂ. ಮುಗಿಸಿದ್ದರು, ಸ್ಪರ್ಧಿಸಲು ಬೇಕಾದ ಕನಿಷ್ಠ ವಯಸ್ಸು 21ನ್ನು ದಾಟಿ ಹೆಚ್ಚು ದಿನ ಆಗಿರಲಿಲ್ಲ. ನಿಂತದ್ದು ಮಹಿಳಾ ಮೀಸಲು ಸ್ಥಾನದಿಂದ. ಮೊದಲ ತಿಂಗಳುಗಳಲ್ಲಿ ಜನ ಅವರ ಅಪ್ಪನಿಗೇ ಫೋನು ಮಾಡುತ್ತಿದ್ದರು, ಸಭೆಯ ನೋಟಿಸು ಅಪ್ಪನ ಕೈಗೇ ಬರುತ್ತಿತ್ತು. ಅಪ್ಪ ಒಳ್ಳೆಯ ಮನುಷ್ಯ, ಆದರೂ ಮಗಳು ಅವರಿಗೆ ಹೇಳಲೇಬೇಕಾಯಿತು: "ಅಪ್ಪಾಜಿ, ಸಹಿ ನಂದು, ಬೈಗುಳಾನೂ ನಾನೇ ತಿಂತೀನಿ." ಆಮೇಲೆ ಅವರು ಮಾಡಿದ ಮೊದಲ ಕೆಲಸ, ತಮ್ಮ ವಾರ್ಡಿನ ಹದಿನೆಂಟು ತುಂಬಿದ ಹುಡುಗ ಹುಡುಗಿಯರ ಮನೆಗೆ ಹೋಗಿ ವಾರ್ಡ್‌ಸಭೆಗೆ ಕರೆದದ್ದು. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಸಭೆ ಅದು. ವಾರ್ಡಿಗೆ ಯಾವ ಕೆಲಸ ಮೊದಲು ಆಗಬೇಕು, ಮನೆ ಯಾರಿಗೆ ಸಿಗಬೇಕು ಎಂಬ ಪಟ್ಟಿ ಅಲ್ಲಿಂದಲೇ ಹೊರಡಬೇಕು. ಬಹಳ ಊರುಗಳಲ್ಲಿ ಅದು ಕಾಗದದ ಮೇಲಷ್ಟೇ ನಡೆದು, ಸಹಿ ಮನೆಮನೆಗೆ ತಿರುಗಿ ಬರುತ್ತದೆ.

ಮೊದಲ ಸಭೆಗೆ ನಾಲ್ಕೈದು ಜನ ಹುಡುಗ ಹುಡುಗಿಯರು ಬಂದು ಹಿಂದೆ ನಿಂತಿದ್ದರಂತೆ. ಸದಸ್ಯೆ ಅವರನ್ನು ಕೂರಿಸಿ ಕೆಲಸ ಕೊಟ್ಟರು: ಒಬ್ಬನಿಗೆ ಹಾಜರಿ ಬರೆಯುವುದು, ಒಬ್ಬಳಿಗೆ ಹಿಂದಿನ ಸಭೆಯ ತೀರ್ಮಾನಗಳನ್ನು ಓದುವುದು, ಇನ್ನೊಬ್ಬನಿಗೆ ಬೀದಿದೀಪದ ಕಂಬಗಳ ಎಣಿಕೆ. ಕೆಲಸ ಕೊಟ್ಟದ್ದರಿಂದ ಅವರು ಮುಂದಿನ ಸಲವೂ ಬಂದರು.

ನಾನು ಹೋದ ದಿನ ಸಭೆ ಆಂಜನೇಯನ ಗುಡಿಯ ಕಟ್ಟೆಯ ಮೇಲೆ ಸೇರಿತ್ತು. ಸಂಜೆ ಐದರ ಹೊತ್ತು, ಕುರಿಗಳು ಹಟ್ಟಿಗೆ ತಿರುಗುವ ಸಮಯ. ನೋಡಲ್ ಅಧಿಕಾರಿ ಬಂದಿದ್ದರು. ಹೊಂಡಕ್ಕಿಳಿದಿದ್ದ ಆ ಹುಡುಗಿಯೇ ನಡಾವಳಿಯ ಕರಡು ಬರೆಯುತ್ತಿದ್ದಳು, ಬರೆದದ್ದನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದಳು. ಓದದೆ ಯಾರೂ ಸಹಿ ಹಾಕಬಾರದು ಎಂಬುದು ಅವರೇ ಮಾಡಿಕೊಂಡ ಕಟ್ಟಳೆ. "ಮೇಲಿನ ಬೀದಿಯ ಕುಡಿಯುವ ನೀರಿನ ಪೈಪ್‌ಲೈನ್ ರಿಪೇರಿ ಮಾಡಿಸಲು ತೀರ್ಮಾನಿಸಲಾಯಿತು" ಎಂದು ಓದಿದಳು.

ಕಟ್ಟೆಯ ತುದಿಯಲ್ಲಿ ಕೂತಿದ್ದ ಮುದುಕ ಬೀಡಿ ಕೆಳಗೆ ಹಾಕಿದ. "ರಿಪೇರಿ ಅಂತ ಬರೀಬ್ಯಾಡ ಕಣವ್ವ. ಮೂರು ಸಲ ರಿಪೇರಿ ಆಗೈತೆ. ಹೊಸ ಪೈಪು ಅಂತ ಬರಿ."

"ಹೊಸ ಪೈಪು ಅಂದ್ರೆ ಎಷ್ಟು ಮೀಟರು ಅಂತ ಬರೀಬೇಕು ತಾತ. ಇಲ್ದಿದ್ರೆ ಅಂದಾಜುಪಟ್ಟಿ ಆಗಲ್ಲ, ವಾಪಸ್ ಕಳಿಸ್ತಾರೆ."

"ಹಂಗಾದ್ರೆ ಅಳೀರಿ."

ಅವಳು ಬರೆದದ್ದನ್ನು ಹೊಡೆದುಹಾಕಿದಳು. ಬ್ಯಾಗಿನಿಂದ ಟೇಪು ತೆಗೆದು ಇಬ್ಬರು ಹುಡುಗರ ಕಡೆ ಚಾಚಿದಳು. "ವಾಲ್ವಿನಿಂದ ಹಿಡ್ಕೊಂಡು ಸಣ್ಣಜ್ಜಿ ಮನೆ ನಲ್ಲಿ ತನಕ. ತಿರುವು ಇರೋ ಕಡೆ ಬೇರೆ ಬರ್ಕೊಳ್ರಿ." ಹುಡುಗರು ಬೀದಿಗೆ ಇಳಿದರು, ಅವರ ಹಿಂದೆ ನಾಲ್ಕು ಚಿಕ್ಕ ಮಕ್ಕಳೂ ಓಡಿದವು. ಸದಸ್ಯೆ ಮುಂದಿನ ವಿಷಯ ಎತ್ತಿಕೊಂಡರು: ಅಂಗನವಾಡಿಯ ಹಿಂದಿನ ಚರಂಡಿ. ಅದಕ್ಕೂ ಕಟ್ಟೆಯ ಮೇಲೆ ಎರಡು ಅಭಿಪ್ರಾಯಗಳಿದ್ದವು.